ಅಮ್ಮನ ವ್ಯಾನ್ ಎಲ್ಲಿಗೆ ಬಂತು?

ಬೆಳಗ್ಗೆ ಅಮ್ಮನ ಫೋನಿಗೆ ಮೆಸೇಜ್ ಬಂತು. ವ್ಯಾನ್ ಇನ್ನು ಹತ್ತು ನಿಮಿಷದಲ್ಲಿ ಬರುತ್ತದೆ ಅಂತ. ಅಮ್ಮ ಶಾಲು ಹೊದ್ದು, ವೀಲ್‌ಚೇರಿನ ಬ್ರೇಕ್ ತೆಗೆದು, ಸಮಾಧಾನವಾಗಿ ಬಾಗಿಲ ಕಡೆ ಹೊರಟರು. ನನಗೆ ಕಣ್ಣು ತುಂಬಿ ಬಂತು.

ಅಮೆರಿಕದಲ್ಲಿ ಅಂಗವೈಕಲ್ಯದಿಂದಾಗಿ ಸಾಮಾನ್ಯ ಬಸ್ಸಿನಲ್ಲಿ ಓಡಾಡಲಾಗದವರಿಗೆ ಇಂಥ ವ್ಯಾನ್ ಸೇವೆ ಇದೆ. 1990ರ ಕಾನೂನು ಕೊಟ್ಟ ಹಕ್ಕು ಇದು. ಬಸ್ ಮಾರ್ಗದಿಂದ ಮುಕ್ಕಾಲು ಮೈಲಿಯೊಳಗೆ ಸೇವೆ ಕೊಡಲೇಬೇಕು, ಚಾರ್ಜು ಬಸ್ಸಿನದಕ್ಕಿಂತ ಎರಡು ಪಟ್ಟು ಮೀರಬಾರದು. ಹಿಂದಿನ ದಿನವೇ ಬುಕ್ ಮಾಡಿದರೆ ಸಾಕು.

ಆದರೆ ಮೊದಲು ನಮ್ಮೂರಲ್ಲಿ ವ್ಯಾನ್‌ಗಳ ಪಟ್ಟಿಯನ್ನೆಲ್ಲ ಕಾಗದದಲ್ಲೇ ಬರೆದಿಡುತ್ತಿದ್ದರು. ಒಂದು ಚಳಿಗಾಲ ಅಮ್ಮ ಹಿಮದಲ್ಲಿ ನಲವತ್ತು ನಿಮಿಷ ಕಾದಿದ್ದರು. ಫೋನ್ ಮಾಡಿದರೆ, "ಡ್ರೈವರನ್ನ ರೇಡಿಯೋದಲ್ಲಿ ಕೇಳ್ತೀವಿ, ತಾಳಿ" ಅನ್ನೋರು. ಪಾಪ, ವ್ಯಾನ್ ಎಲ್ಲಿದೆ ಅಂತ ಅವರಿಗೂ ಗೊತ್ತಿರಲಿಲ್ಲ.

ಈಗ ಯಾರನ್ನು ಯಾರ ಜೊತೆ ಕೂರಿಸಬೇಕು, ಯಾವ ದಾರಿ ಹಿಡಿಯಬೇಕು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಯಾರಾದರೂ ಕೊನೇ ಗಳಿಗೆಯಲ್ಲಿ ಬರಲ್ಲ ಅಂದರೆ, ಡ್ರೈವರ್ ಮುಂದಿನ ಟ್ಯಾಬ್ಲೆಟ್ಟಿನಲ್ಲಿ ಪಟ್ಟಿ ಬದಲಾಗುತ್ತದೆ. ಆದರೂ ನಮ್ಮ ರ‍್ಯಾಂಪ್ ಕಡಿದಾಗಿದೆ, ಅಮ್ಮನಿಗೆ ಇಳಿಯಲು ಜಾಸ್ತಿ ಹೊತ್ತು ಬೇಕು ಅನ್ನೋದು ಕಂಪ್ಯೂಟರಿಗೆ ತಾನಾಗಿ ತಿಳಿಯಲ್ಲ, ಅಲ್ವಾ? ಆಫೀಸಿನಲ್ಲಿ ಒಬ್ಬ ಹೆಂಗಸು ಕೂತು ಅಮ್ಮನ ಹೆಸರಿನ ಮುಂದೆ ಐದು ನಿಮಿಷ ಜಾಸ್ತಿ ಸೇರಿಸಿದ್ದಾರೆ. ಆ ಐದು ನಿಮಿಷಕ್ಕೆ ನಾನು ಋಣಿ.

ಸಂಜೆ 4ಕ್ಕೆ ಅಮ್ಮ ವಾಪಸ್. ಹುಳಿಗೆ ಬೇಳೆ ಇಟ್ಟಿದ್ದೇನೆ.