ಒಂದೇ ಕಮಾಂಡಿಗೆ ಆರು ಸರ್ವರ್: ಟಿಮಕ್ಸ್ ಸ್ಕ್ರಿಪ್ಟ್ ಎಲ್ಲಿ ಕೈಕೊಡುತ್ತದೆ

ಆರು ಸರ್ವರ್‌ಗೆ ದಿನಾ ಒಂದೊಂದಾಗಿ ಲಾಗಿನ್ ಆಗುವ ಬದಲು, ಒಂದೇ ಟರ್ಮಿನಲ್ ಪರದೆಯನ್ನು ಹಲವು ತುಂಡು ಮಾಡಿಕೊಡುವ ಟಿಮಕ್ಸ್‌ಗೊಂದು ಶೆಲ್ ಸ್ಕ್ರಿಪ್ಟ್ ಬರೆದಿಟ್ಟರೆ ಮುಗಿಯಿತು, ಹದಿನೈದು ಸಾಲಿನ ಕೆಲಸ. ಆದರೆ ನೆಟ್‌ನಲ್ಲಿ ಸಿಗುವ ಎಷ್ಟೋ ಸ್ಕ್ರಿಪ್ಟ್‌ಗಳು ನಿಂತಿರುವುದು ಸೆಂಡ್-ಕೀಸ್ ಮೇಲೆ, ಅಂದರೆ ನಮ್ಮ ಪರವಾಗಿ ಟೈಪ್ ಮಾಡುವ ಟಿಮಕ್ಸ್ ಕಮಾಂಡ್ ಮೇಲೆ. ಪೇನ್ (ಪರದೆಯ ಒಂದು ತುಂಡು) ತೆರೆಯುವುದು, ಅದರಲ್ಲಿ ‘ಎಸ್‌ಎಸ್‌ಎಚ್ ಡಿಬಿ1’ (ಡಿಬಿ1 ಎಂಬ ದೂರದ ಸರ್ವರಿಗೆ ಲಾಗಿನ್ ಆಗುವ ಕಮಾಂಡ್) ಎಂದು ಟೈಪ್ ಮಾಡಿಸುವುದು, ಮುಂದಿನ ಕಮಾಂಡನ್ನೂ ಹಾಗೇ ತುರುಕುವುದು. ಲಾಗಿನ್ ಆಯಿತೋ ಇಲ್ಲವೋ ಸೆಂಡ್-ಕೀಸ್‌ಗೆ ಗೊತ್ತಾಗುವುದಿಲ್ಲ. ಅದು ಬರೀ ಕೀಬೋರ್ಡು. ಎಸ್‌ಎಸ್‌ಎಚ್ ಫೇಲಾದರೆ ಡೇಟಾಬೇಸ್ ಸರ್ವರ್‌ಗೆಂದು ಬರೆದ ರೀಸ್ಟಾರ್ಟ್ ಕಮಾಂಡ್ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ. ಪಾಸ್‌ವರ್ಡ್ ಕೇಳುತ್ತಾ ನಿಂತಿದ್ದರೆ ಆ ಕಮಾಂಡೇ ಪಾಸ್‌ವರ್ಡಾಗಿ ಹೋಗುತ್ತದೆ.

ಅದರ ಬದಲು ಹೊಸ ಪೇನ್ ತೆರೆಯುವ ಸ್ಪ್ಲಿಟ್-ವಿಂಡೋ ಕಮಾಂಡಿನ ಕೊನೆಗೇ ಎಸ್‌ಎಸ್‌ಎಚ್ ಸಾಲನ್ನು ಕೊಡಿ. ಆ ಕಡೆ ಏನಾದರೂ ಓಡಿಸಬೇಕಿದ್ದರೆ ಅದನ್ನು ಎಸ್‌ಎಸ್‌ಎಚ್‌ಗೇ ವಹಿಸಿ, ಸಣ್ಣ ಟಿ (-t) ಆಯ್ಕೆಯ ಜೊತೆಗೆ. ಈ ಟಿ ಇಲ್ಲದಿದ್ದರೆ ಆ ಕಡೆ ಟರ್ಮಿನಲ್ ಸಿಗುವುದಿಲ್ಲ. ಅಡ್ಮಿನ್ ಅಧಿಕಾರ ಕೊಡುವ ಸುಡೋ ಪಾಸ್‌ವರ್ಡ್ ಕೇಳಲಾಗದೆ ಬೈಯುತ್ತದೆ, ಸರ್ವರಿನ ಹೊರೆ ತೋರಿಸುವ ಎಚ್‌ಟಾಪ್ ಏಳುವುದೇ ಇಲ್ಲ.

ಹೀಗೆ ಮಾಡಿದರೆ ಸಂಪರ್ಕ ಕಡಿದ ತಕ್ಷಣ ಪೇನ್ ಮಾಯವಾಗುತ್ತದೆ, ಎರರ್ ಮೆಸೇಜೂ ಅದರ ಜೊತೆಗೇ. ಟಿಮಕ್ಸ್‌ನ ರಿಮೇನ್-ಆನ್-ಎಕ್ಸಿಟ್ ಆಯ್ಕೆ ಆನ್ ಇದ್ದರೆ ಸತ್ತ ಪೇನ್ ಪರದೆಯ ಮೇಲೇ ಉಳಿಯುತ್ತದೆ. ರೀಸ್ಪಾನ್-ಪೇನ್ ಅದೇ ಕಮಾಂಡನ್ನು ಮತ್ತೆ ಓಡಿಸುತ್ತದೆ. ಆದರೆ ಮೊದಲ ಪೇನ್‌ನಲ್ಲೇ ಎಸ್‌ಎಸ್‌ಎಚ್ ಇಟ್ಟು, ಆ ಆಯ್ಕೆ ಹಾಕುವಷ್ಟರಲ್ಲಿ ಅದು ಸತ್ತರೆ ಪೇನ್‌ಗಳನ್ನೆಲ್ಲ ಹಿಡಿದಿಡುವ ಸೆಷನ್ನೇ ಹೋಗುತ್ತದೆ. ಬೇರೆ ಸೆಷನ್ ಇಲ್ಲದಿದ್ದರೆ ನಿಮ್ಮ ಯಂತ್ರದಲ್ಲೇ ಹಿನ್ನೆಲೆಯಲ್ಲಿ ಓಡುವ ಟಿಮಕ್ಸ್ ಸರ್ವರ್ ಕೂಡ ಮುಚ್ಚಿಕೊಂಡು, ಮುಂದಿನ ಸಾಲುಗಳೆಲ್ಲ ‘ಸರ್ವರ್ ಓಡುತ್ತಿಲ್ಲ’ ಎಂದು ಕಿರುಚುತ್ತವೆ. ಹಾಗಾಗಿ ಮೊದಲ ಪೇನ್ ಬರೀ ಲೋಕಲ್ ಶೆಲ್ ಆಗಿರಲಿ. ಆಮೇಲೆ ಆಯ್ಕೆ, ಆಮೇಲೆ ಸರ್ವರ್‌ಗಳು.

ಇನ್ನೊಂದು ಕಿರಿಕಿರಿ ಜಾಗದ್ದು. ಅಟ್ಯಾಚ್ ಆಗದ (ಪರದೆಗೆ ಇನ್ನೂ ಜೋಡಿಸದ) ಸೆಷನ್‌ನ ಅಳತೆ ಡಿಫಾಲ್ಟಾಗಿ 80 ಕಾಲಂ, 24 ಸಾಲು. ನಡುವೆ ಗೆರೆಗೊಂದು ಸಾಲು ಬಿಟ್ಟರೆ 24 ಒಡೆದು 12 ಮತ್ತು 11. 11 ಒಡೆದು 5 ಮತ್ತು 5. 5 ಒಡೆದು 2 ಮತ್ತು 2. ನಾಲ್ಕನೆಯ ಸಲ ಒಡೆಯಲು ಜಾಗವೇ ಇಲ್ಲ. ಹಾಗಾಗಿ ಪ್ರತಿ ಸ್ಪ್ಲಿಟ್ ಆದಮೇಲೂ, ಪೇನ್‌ಗಳಿಗೆ ಜಾಗವನ್ನು ಸಮನಾಗಿ ಹಂಚುವ ಸೆಲೆಕ್ಟ್-ಲೇಔಟ್ ಟೈಲ್ಡ್ ಓಡಿಸಿ. ಲೂಪ್ ಮುಗಿದಮೇಲೆ ಒಂದೇ ಸಲ ಹಾಕಿದರೆ ಅಷ್ಟರಲ್ಲಿ ಎಡವಟ್ಟಾಗಿರುತ್ತದೆ.

ಸ್ಕ್ರಿಪ್ಟಿನ ಮೊದಲ ಸಾಲಲ್ಲಿ ಸೆಷನ್ ಇದೆಯೇ ಎಂದು ನೋಡುವ ಹ್ಯಾಸ್-ಸೆಷನ್ ಇರಲಿ, ಈಗಾಗಲೇ ಇದ್ದರೆ ಅಟ್ಯಾಚ್ ಆದರೆ ಸಾಕು. ಹೆಸರಿನ ಆರಂಭದಲ್ಲೇ ಸಮ ಚಿಹ್ನೆ (=) ಹಾಕಲು ಮರೆಯಬೇಡಿ. ಇಲ್ಲದಿದ್ದರೆ ‘ವೆಬ್’ ಎಂದು ಹುಡುಕಿದಾಗ ‘ವೆಬ್-ಹಳೆ’ ಸಿಕ್ಕರೂ ಟಿಮಕ್ಸ್ ಒಪ್ಪಿಕೊಳ್ಳುತ್ತದೆ. ಎಲ್ಲ ಪೇನ್‌ಗೂ ಒಟ್ಟಿಗೆ ಟೈಪಾಗುವ ಸಿಂಕ್ರೊನೈಜ್-ಪೇನ್ಸ್ ಅನ್ನು ಸ್ಕ್ರಿಪ್ಟಿನಲ್ಲಿ ಆನ್ ಮಾಡಬೇಡಿ. ಒಂದು ಕೀಗೆ ಕಟ್ಟಿಟ್ಟುಕೊಂಡು ಬೇಕಾದಾಗ ಒತ್ತಿ.

ಯೂಸರ್, ಪೋರ್ಟ್, ಕೀ ಫೈಲ್ ಎಲ್ಲ ಎಸ್‌ಎಸ್‌ಎಚ್ ಕಾನ್ಫಿಗ್ ಫೈಲಿನಲ್ಲಿರಲಿ. ಅಲ್ಲಿ ಸರ್ವರ್‌ಅಲೈವ್‌ಇಂಟರ್ವಲ್ 60 (ಅಷ್ಟು ಸೆಕೆಂಡಿಗೊಮ್ಮೆ ಸಂಪರ್ಕ ಬದುಕಿದೆಯೇ ಎಂದು ನೋಡು) ಕೊಟ್ಟರೆ ಸತ್ತ ಸಂಪರ್ಕ ಸುಮಾರು ಮೂರು ನಿಮಿಷಕ್ಕೆ ಬಿಡುಗಡೆಯಾಗುತ್ತದೆ. ಏಜೆಂಟ್‌ನಲ್ಲಿ (ಕೀಗಳನ್ನು ನೆನಪಿಟ್ಟುಕೊಳ್ಳುವ ತಂತ್ರಾಂಶ) ಕೀಗಳು ಜಾಸ್ತಿ ಇದ್ದರೆ, ಹೇಳಿದ ಕೀಯನ್ನಷ್ಟೇ ತೋರಿಸುವ ಐಡೆಂಟಿಟೀಸ್‌ಓನ್ಲಿ ಯೆಸ್ ಕಡ್ಡಾಯ, ಏಕೆಂದರೆ ಓಪನ್‌ಎಸ್‌ಎಸ್‌ಎಚ್ ಸರ್ವರ್ ಡಿಫಾಲ್ಟಾಗಿ 6 ಪ್ರಯತ್ನಕ್ಕೆ ಬಾಗಿಲು ಹಾಕುತ್ತದೆ.

ಎಲ್ಲವೂ ಒಂದೇ ಜಂಪ್ ಸರ್ವರ್ (ಒಳಗಿನ ಸರ್ವರ್‌ಗಳಿಗೆ ದಾರಿಯಾಗುವ ಮಧ್ಯದ ಸರ್ವರ್) ಮೂಲಕ ಹೋಗುವುದಾದರೆ ಸಮಸ್ಯೆ ಬೇರೆ. ಸರ್ವರ್ ಆರರ ಬದಲು ಹದಿನೈದಾಗಿ, ಹದಿನೈದು ಪೇನ್ ಒಮ್ಮೆಗೇ ಬಡಿದಾಗ ಒಂದೆರಡು ಕಾರಣವಿಲ್ಲದೆ ಕಡಿದಂತೆ ಕಾಣುತ್ತವೆ, ಪ್ರತಿಸಲ ಬೇರೆ ಬೇರೆ. ಅದಕ್ಕೆ ಕಾರಣ ಜಂಪ್ ಸರ್ವರಿನ ಮ್ಯಾಕ್ಸ್‌ಸ್ಟಾರ್ಟಪ್ಸ್ ಎಂಬ ಮಿತಿ, ಡಿಫಾಲ್ಟ್ 10:30:100. ಲಾಗಿನ್ ಮುಗಿಯದ ಸಂಪರ್ಕಗಳು ಹತ್ತಾದವೆಂದರೆ ಮುಂದೆ ಬಂದವನ್ನು ಶೇ. 30ರ ಲೆಕ್ಕದಿಂದ ಶುರುಮಾಡಿ ಸಿಕ್ಕಸಿಕ್ಕಂತೆ ಹೊರಗೆ ಹಾಕುತ್ತದೆ. ಜಂಪ್ ಸರ್ವರ್‌ಗೆ ಕಂಟ್ರೋಲ್‌ಮಾಸ್ಟರ್ ಆಟೋ, ಕಂಟ್ರೋಲ್‌ಪರ್ಸಿಸ್ಟ್ 10 ನಿಮಿಷ ಮತ್ತು ಒಂದು ಕಂಟ್ರೋಲ್‌ಪಾತ್ ಕೊಟ್ಟು, ಪೇನ್‌ಗಳಿಗೂ ಮೊದಲೇ ಒಂದು ಸಂಪರ್ಕ ಎಬ್ಬಿಸಿಡಿ. ಉಳಿದವೆಲ್ಲ ಅದರೊಳಗೇ ನುಸುಳುತ್ತವೆ. ಮ್ಯಾಕ್ಸ್‌ಸೆಷನ್ಸ್ 10 (ಒಂದು ಸಂಪರ್ಕದೊಳಗೆ ಹತ್ತೇ ಸೆಷನ್) ಎಂಬ ಮಿತಿ ಅಡ್ಡ ಬರುವುದಿಲ್ಲವೇ ಎಂದರೆ, ಇಲ್ಲ. ಅದು ಎಣಿಸುವುದು ಶೆಲ್‌ಗಳನ್ನು. ಜಂಪ್ ಸರ್ವರ್ ಮೂಲಕ ಹಾಯಿಸುವ ಪ್ರಾಕ್ಸಿಜಂಪ್ ಆಯ್ಕೆ ತೆರೆಯುವುದು ಬರೀ ಫಾರ್ವರ್ಡಿಂಗ್.