ಗಂಡ್‌ಕರ, ಹಿಟ್ಟಿನ ಕೋಳಿ, ನನ್ನ ಕಾಫಿ

ಯುಗಾದಿಯ ಮಾರನೇ ದಿನ, ಇನ್ನೂ ಕತ್ತಲಿರುವಾಗಲೇ ನನ್ನ ತಮ್ಮ ಚೀಲ ಹಿಡಿದು ಗುಡ್ಡೆ ಬಾಡು ತರಲು ಹೊರಟ. ವರ್ಷತೊಡಕು ಅಂದರೆ ನಮ್ಮ ಕಡೆ ಹಾಗೇ. ಊರು ಚನ್ನರಾಯಪಟ್ಟಣ ತಾಲ್ಲೂಕು. ಇಪ್ಪತ್ತೈದು ಮನೆಯವರು ಸೇರಿ ವರ್ಷವೆಲ್ಲ ಚೀಟಿ ಕಟ್ಟುತ್ತಾರೆ. ಆ ದುಡ್ಡಿನಲ್ಲಿ ಕುರಿ ತಂದು, ತೆಂಗಿನ ತೋಟದಲ್ಲಿ ಕಡಿದು, ಸೋಗೆ ಹಾಸಿ ಗುಡ್ಡೆ ಹಾಕುತ್ತಾರೆ. ಒಂದೊಂದು ಗುಡ್ಡೆಗೂ ಒಂದಿಷ್ಟು ತೊಡೆ, ಒಂದಿಷ್ಟು ಪಕ್ಕೆ, ಒಂದು ಚೂರು ಲಿವರ್, ಒಂದು ಹಿಡಿ ಬೋಟಿ. ತಕ್ಕಡಿ ಇಲ್ಲ, ಎಲ್ಲ ಕಣ್ಣಳತೆ. ಯಾರಿಗಾದರೂ ಮೂಳೆ ಜಾಸ್ತಿ ಬಿತ್ತೋ, ಮುಂದಿನ ಯುಗಾದಿವರೆಗೂ ಆ ಮಾತು ಮುಗಿಯುವುದಿಲ್ಲ.

ನನ್ನ ತವರಿನ ಆ ಮನೆಯಲ್ಲಿ ಅವತ್ತು ಬಾಡು ತಿನ್ನದವರು ಇಬ್ಬರೇ. ನಾನು, ಮತ್ತು ನನ್ನ ಮಗಳು. ಅವಳದು ನನ್ನದಕ್ಕಿಂತ ಕಟ್ಟುನಿಟ್ಟು. ಬೆಂಗಳೂರಿನ ಹಾಸ್ಟೆಲಿನಿಂದ ಒಂದು ರಾತ್ರಿ ಫೋನ್ ಮಾಡಿ, "ಅಮ್ಮಾ, ನಾನು ವೀಗನ್ ಆದೆ" ಅಂದಿದ್ದಳು. ಹಾಲಿಲ್ಲ, ಮೊಸರಿಲ್ಲ, ತುಪ್ಪವಿಲ್ಲ. ಯುಗಾದಿಯ ದಿನ ಹೋಳಿಗೆಗೆ ತುಪ್ಪ ಬೇಡ ಅಂದಾಗ ನಮ್ಮಮ್ಮ, "ಈ ಮಗೀಗೆ ಏನಾಗೈತೆ" ಅಂತ ನನ್ನನ್ನೇ ಗದರಿದರು. ಕಾಯಿಹಾಲು ಮಾಡಿಕೊಟ್ಟೆ. ಹೋಳಿಗೆಗೆ ಕಾಯಿಹಾಲು ನಮಗೇನೂ ಹೊಸದಲ್ಲ. ಹೆಸರು ಮಾತ್ರ ಹೊಸದು.

ತಮ್ಮ ಬಾಡು ತಂದು ಗಾಡಿ ನಿಲ್ಲಿಸುವಷ್ಟರಲ್ಲಿ ಇವಳು ಕೊಟ್ಟಿಗೆ ಬಾಗಿಲಲ್ಲಿ ನಿಂತಿದ್ದಳು.

"ಮಾವ, ಸಂಕ್ರಾಂತಿಗೆ ಬಂದಾಗ ಒಂದು ಕಪ್ಪು ಕರು ಇತ್ತಲ್ಲ, ನೆತ್ತಿ ಮೇಲೆ ಬಿಳಿ ಮಚ್ಚೆ ಇದ್ದಿದ್ದು. ಅದೆಲ್ಲಿ?"

"ಓ, ಅದಾ. ಅದು ಗಂಡ್‌ಕರ ಕಣವ್ವ."

ಅಷ್ಟೇ ಹೇಳಿ ಒಳಗೆ ಹೋದ. ಹಸು ಕಟ್ಟಿದ ಯಾರಿಗೇ ಆದರೂ ಅದು ಪೂರ್ತಿ ಉತ್ತರ. ನನ್ನ ಮಗಳಿಗೆ ಅದು ಉತ್ತರವೇ ಅಲ್ಲ. ಅವಳು ನನ್ನ ಮುಖ ನೋಡಿದಳು. ನನ್ನ ಕೈಯಲ್ಲಿ ಆಗ ಕಾಫಿ ಲೋಟ ಇತ್ತು.

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ನಾನು ಮಾಂಸ ಬಿಟ್ಟಿದ್ದು 2016ರಲ್ಲಿ, ಅಪ್ಪ ತೀರಿಕೊಂಡ ವರ್ಷ. ಮಾಂಸ ಬಿಟ್ಟವರೆಲ್ಲರ ಹತ್ತಿರ ಒಂದು ಮುದ್ದು ಮೇಕೆಮರಿಯ ಕಥೆ ಇರುತ್ತದೆ. ನನ್ನ ಹತ್ತಿರ ಇಲ್ಲ. ಸೂತಕದ ದಿನಗಳಲ್ಲಿ ಮಾಂಸ ಮಾಡುವುದಿಲ್ಲವಲ್ಲ, ತಿಥಿಯ ದಿನ ಬಾಡೂಟ. ಅಪ್ಪನ ಎಡೆಗೆ ಅವರಿಗೆ ಇಷ್ಟವಾದ ಕೈಮ ಉಂಡೆ ಇಟ್ಟಿದ್ದೆವು. ಆಮೇಲೆ ನಾನೂ ಎಲೆ ಮುಂದೆ ಕೂತೆ. ಒಂದು ಉಂಡೆ ಬಾಯಿಗಿಟ್ಟೆ. ಇಳಿಯಲಿಲ್ಲ. ಕರುಣೆಯೂ ಅಲ್ಲ, ತತ್ವವೂ ಅಲ್ಲ, ಸುಮ್ನೆ ಇಳಿಯಲಿಲ್ಲ. ಮುಂದಿನ ವಾರವೂ ಇಳಿಯಲಿಲ್ಲ. ಕಾರಣಗಳನ್ನೆಲ್ಲ ಆಮೇಲೆ ಹುಡುಕಿಕೊಂಡೆ.

ಮನೆಯಲ್ಲಿ ಅಡುಗೆ ಮಾತ್ರ ನಿಂತಿಲ್ಲ. ನಮ್ಮೆಜಮಾನರಿಗೆ ಭಾನುವಾರ ಮಟನ್ ಸಾರು, ಮುದ್ದೆ ಆಗಲೇಬೇಕು. ನಾನೇ ಖಾರ ರುಬ್ಬಿ, ನಾನೇ ಬೇಯಿಸುತ್ತೇನೆ. ಉಪ್ಪು ನೋಡಲು ಮಾತ್ರ ಅವರನ್ನೇ ಕರೆಯುತ್ತೇನೆ. "ನೀನು ತಿನ್ನಲ್ಲ ಅಂದಮೇಲೆ ಮಾಡೋದ್ಯಾಕೆ?" ಅಂತ ಮಗಳು ಕೇಳುತ್ತಾಳೆ. ಅದಕ್ಕೂ ನನ್ನ ಹತ್ತಿರ ಒಳ್ಳೆಯ ಉತ್ತರವಿಲ್ಲ. ಮೂವರು ಇರುವ ಮನೆಯಲ್ಲಿ ಮೂರು ಥರದ ಪಾತ್ರೆ.

ಮಾಂಸ ಬಿಟ್ಟಮೇಲೆ ನಿಜವಾಗಿ ಚುಚ್ಚಿದ್ದು ಬೇರೆ. ನಾನು ಮೈಸೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಕನ್ನಡ ಮೇಡಂ. ಸ್ಟಾಫ್ ರೂಮಿನಲ್ಲಿ ವಿಷಯ ಗೊತ್ತಾದಾಗ ಒಬ್ಬರು ಖುಷಿಯಿಂದ, "ಒಳ್ಳೇದಾಯ್ತು ಬಿಡಿ ಮೇಡಂ, ನೀವೂ ನಮ್ಮ ಥರಾನೇ ಆದ್ರಿ" ಅಂದರು. ಪಾಪ, ಹೊಗಳಬೇಕು ಅಂತಲೇ ಹೇಳಿದ್ದು. ಆದರೆ ನನಗೆ ಅವತ್ತೇ ಕೈಮ ಉಂಡೆ ತಿನ್ನಬೇಕು ಅನ್ನಿಸಿತು. ನಮ್ಮಪ್ಪ ಎಪ್ಪತ್ತೆರಡು ವರ್ಷ ಕೆಟ್ಟವರಾಗಿದ್ದರಾ ಹಾಗಾದರೆ? ಮೈಸೂರಿಗೆ ವರ್ಗವಾಗಿ ಬಂದ ಹೊಸದರಲ್ಲಿ ಬಾಡಿಗೆ ಮನೆ ಹುಡುಕಿದ್ದು ನೆನಪಾಯಿತು. ಅಡ್ವಾನ್ಸ್ ಕೊಡುವ ತನಕ ಎಲ್ಲ ಸರಿ, ಕೊನೆಗೆ "ನೀವು ಏನು ಜನ?" ಅನ್ನುವ ಪ್ರಶ್ನೆ. ಅವರು ಕೇಳಿದ್ದು ಕುರಿಯ ನೋವಿನ ಬಗ್ಗೆ ಅಲ್ಲವಲ್ಲ. ನಮ್ಮಲ್ಲಿ ತಟ್ಟೆಯ ವಿಷಯ ಶುರುವಾಗುವುದೇ ಮಡಿ ಮೈಲಿಗೆಯಿಂದ. ಪ್ರಾಣಿ ಅದರಲ್ಲಿ ಎಲ್ಲೋ ಕೊನೆಯಲ್ಲಿ ಬರುತ್ತದೆ, ಬಂದರೆ.

ಅದಕ್ಕೇ ಆ ಗಂಡ್‌ಕರದ ಮಾತು ನನ್ನನ್ನು ಬಿಡಲಿಲ್ಲ. ಅಲ್ಲಿ ಮಡಿ ಮೈಲಿಗೆ ಯಾವುದೂ ಇಲ್ಲ. ಪ್ರಾಣಿ ಮಾತ್ರ ಇದೆ.

ಹಸು ಈಯ್ದರೆ ತಾನೆ ಹಾಲು? ತಮ್ಮನ ಹತ್ತಿರ ಮೂರು ಎಚ್‌ಎಫ್ ಹಸು, ಅಂದರೆ ಹೆಚ್ಚು ಹಾಲು ಕೊಡುವ ಸೀಮೆಹಸು. ಒಂಬತ್ತು ತಿಂಗಳು ಗಬ್ಬ, ಈಯ್ದ ಮೇಲೆ ಹತ್ತು ತಿಂಗಳು ಕರಾವು, ಆ ಹತ್ತು ತಿಂಗಳ ನಡುವೆಯೇ ಮತ್ತೆ ಇಂಜೆಕ್ಷನ್ ಕೊಡಿಸಿ ಗಬ್ಬ ಕಟ್ಟಿಸಬೇಕು. ಇಲ್ಲದಿದ್ದರೆ ಡೇರಿಗೆ ಹಾಲು ಹಾಕುವುದು ನಿಲ್ಲುತ್ತದೆ, ಸಾಲದ ಕಂತು ನಿಲ್ಲುತ್ತದೆ. ಹಾಗಾಗಿ ಹೆಚ್ಚುಕಮ್ಮಿ ವರ್ಷಕ್ಕೊಂದು ಕರು. ಹುಟ್ಟುವುದರಲ್ಲಿ ಅರ್ಧ ಗಂಡು. ಹೆಣ್ಣುಕರುವಿಗೆ ಹಾಲು, ಹಿಂಡಿ, ಬೂಸ, ಸೊಳ್ಳೆ ಪರದೆ. ಗಂಡುಕರುವಿಗೆ?

ತಾತನ ಕಾಲದಲ್ಲಿ ಇದು ಪೂರ್ತಿ ಉಲ್ಟಾ ಇತ್ತು. ಕೊಟ್ಟಿಗೆಯಲ್ಲಿ ಹಳ್ಳಿಕಾರ್ ಹಸು. ಹಾಲು ಒಂದೂವರೆ, ಎರಡು ಲೀಟರ್, ಅಷ್ಟೇ. ಆ ಹಸುವನ್ನು ಸಾಕುತ್ತಿದ್ದದ್ದೇ ಹೋರಿಕರುವಿಗಾಗಿ. ಗಂಡುಕರು ಹುಟ್ಟಿದರೆ ತಾತ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದರಂತೆ. ಜೋಡಿ ಹೊಂದಿಸಿ, ತಿದ್ದಿ, ಬೂಕನಬೆಟ್ಟದ ಜಾತ್ರೆಗೆ ಹೊಡೆದುಕೊಂಡು ಹೋದರೆ ಅದೇ ವರ್ಷದ ದೊಡ್ಡ ಆದಾಯ. ಆ ಎತ್ತುಗಳ ಬಾಳು ಸುಖದ್ದು ಅಂತ ಹೇಳಲಾರೆ. ಮೂಗುದಾರ, ಬೀಜ ಒಡೆಸುವುದು, ನೊಗ, ಬಾರುಕೋಲು, ಎಲ್ಲ ಇತ್ತು. ಆದರೆ ಅದಕ್ಕೊಂದು ಕೆಲಸವಿತ್ತು, ಕೆಲಸವಿದ್ದದ್ದರಿಂದ ಜೀವವಿತ್ತು. ಈಗ ಊರಲ್ಲಿ ಟ್ರ್ಯಾಕ್ಟರ್, ಟಿಲ್ಲರ್. ಇನ್ನು ಎಚ್‌ಎಫ್ ಹೋರಿಗೆ ನೊಗ ನಿಲ್ಲಲು ಹಿಣಿಲೇ ಸರಿಯಾಗಿರುವುದಿಲ್ಲ, ಬಿಸಿಲು ತಡೆಯುವುದಿಲ್ಲ.

ಮೊದಲು ಸಂತೆಯಲ್ಲಿ ಯಾರೋ ಕೊಳ್ಳುತ್ತಿದ್ದರು. ಎಲ್ಲಿಗೆ ಅಂತ ಯಾರೂ ಕೇಳುತ್ತಿರಲಿಲ್ಲ. 2021ರಲ್ಲಿ ಗೋಹತ್ಯೆ ನಿಷೇಧದ ಹೊಸ ಕಾಯಿದೆ ಬಂತು. 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಬೇರೆ ಯಾವ ದನವನ್ನೂ ಕಡಿಯುವಂತಿಲ್ಲ. ತಪ್ಪಿದರೆ 3ರಿಂದ 7 ವರ್ಷ ಜೈಲು. ಕಾನೂನು ಕತ್ತಿಯನ್ನೇನೋ ತಡೆಯಿತು, ಆದರೆ ಗಂಡುಕರುವಿಗೆ ಹುಲ್ಲು ಹಾಕುವವರು ಯಾರು ಅಂತ ರೈತ ಇನ್ನೂ ಕೇಳುತ್ತಲೇ ಇದ್ದಾನೆ. ಕೆಲವರು ರಾತ್ರಿ ಹೊತ್ತು ದೇವಸ್ಥಾನದ ಹತ್ತಿರ ಬಿಟ್ಟು ಬರುತ್ತಾರೆ. ಇನ್ನು ಕೆಲವರು ಏನೂ ಮಾಡುವುದಿಲ್ಲ. ಏನೂ ಮಾಡುವುದಿಲ್ಲ ಅಂದರೆ, ಹಾಲು ಕುಡಿಸುವುದಿಲ್ಲ. ಕರು ಹತ್ತು ಹನ್ನೆರಡು ದಿನ ಕೂಗುತ್ತದೆ, ಆಮೇಲೆ ಕೂಗುವುದಿಲ್ಲ. ಅದನ್ನು ಯಾರೂ ಕೊಂದಿಲ್ಲ. ನನ್ನ ತಮ್ಮ ಇವುಗಳಲ್ಲಿ ಯಾವುದನ್ನು ಮಾಡಿದ ಅಂತ ನಾನು ಕೇಳಿಲ್ಲ. ಕೇಳುವ ಧೈರ್ಯ ಇಲ್ಲ ಅನ್ನುವುದೇ ಸರಿ.

ಅವನನ್ನು ಬೈಯುವುದು ಸುಲಭ. ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ಬಾಚುವವನು ಅವನು. ಹೆಣ್ಣುಕರುವೇ ಹುಟ್ಟುವ ಹಾಗೆ ಬೇರ್ಪಡಿಸಿದ ವೀರ್ಯದ ಕಡ್ಡಿ ಬಂದಿದೆ, ನೂರಕ್ಕೆ 90ರಷ್ಟು ಹೆಣ್ಣೇ ಅಂತ ಒಂದು ಸಲ ಅದನ್ನೂ ಕೊಡಿಸಿದ. ಗಬ್ಬವೇ ನಿಲ್ಲಲಿಲ್ಲ. ಅವನ ಹಸುಗಳ ಹಾಲು ಲೀಟರ್ ಲೆಕ್ಕದಲ್ಲಿ ಡೇರಿಗೆ ಹೋಗಿ, ಪ್ಯಾಕೆಟ್ ಆಗಿ, ನನ್ನಂಥ 'ಪ್ಯೂರ್ ವೆಜ್' ಹೆಂಗಸಿನ ಬಾಗಿಲಿಗೆ ಬಂದು ಬೀಳುತ್ತದೆ. ನಾನು ಅದರಲ್ಲಿ ಕಾಫಿ ಮಾಡಿಕೊಂಡು ಕುರಿ ಕಡಿಯುವವರ ಬಗ್ಗೆ ಯೋಚಿಸುತ್ತೇನೆ.

ಮಗಳು ಹಾಸ್ಟೆಲಿನಿಂದ ಬರುವಾಗ ಒಂದು ಪ್ಯಾಕೆಟ್ ತಂದಿದ್ದಳು. ಸೋಯಾದಲ್ಲಿ ಮಾಡಿದ 'ಚಿಕನ್' ಕಬಾಬ್. ವರ್ಷತೊಡಕಿನ ದಿನ ನಮ್ಮಿಬ್ಬರ ಪಾಲಿಗೆ ಅದು. ಎಣ್ಣೆಗೆ ಬಿಟ್ಟರೆ ಬಣ್ಣ, ವಾಸನೆ, ನಾರು ಎಲ್ಲ ಕೋಳಿಯೇ. ನಾನು ನಗಲು ಶುರು ಮಾಡಿದೆ. "ಇದು ಜನ್ನನ ಹಿಟ್ಟಿನ ಕೋಳಿ ಕಣೇ" ಅಂದೆ. ಅವಳು ಸೈನ್ಸ್ ಓದಿದವಳು, ಗೊತ್ತಿರಲಿಲ್ಲ. ಸಾರಿಗೆ ಕಾಯಿ ತುರಿಯುತ್ತಾ ಹೇಳಿದೆ. ಜನ್ನ ಕವಿ 1209ರಲ್ಲಿ ಬರೆದ ಕಾವ್ಯ 'ಯಶೋಧರ ಚರಿತೆ'. ಯಶೋಧರ ರಾಜ ಜೀವ ಬಲಿ ಕೊಡಲು ಒಪ್ಪುವುದಿಲ್ಲ. ಅವನ ತಾಯಿ ಚಂದ್ರಮತಿ ಬಿಡುವುದಿಲ್ಲ. ಕೊನೆಗೆ ಹಿಟ್ಟಿನಲ್ಲಿ ಒಂದು ಕೋಳಿ ಮಾಡಿ ದೇವಿಯ ಮುಂದೆ ಕತ್ತರಿಸುತ್ತಾರೆ. ಕತ್ತರಿಸಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಕೊಂದದ್ದು ಹಿಟ್ಟನ್ನೇ ಆದರೂ, ಕೊಲ್ಲುವ ಸಂಕಲ್ಪ ಮಾಡಿದ ತಪ್ಪಿಗೆ ತಾಯಿ ಮಗ ಇಬ್ಬರೂ ನವಿಲು, ನಾಯಿ ಅಂತ ಪ್ರಾಣಿ ಜನ್ಮಗಳಲ್ಲಿ ಸುತ್ತುತ್ತಾರೆ.

"ಹಾಗಾದ್ರೆ ಈ ಕಬಾಬ್ ತಿಂದ್ರೆ ನಾನು ನಾಯಿ ಆಗಿ ಹುಟ್ತೀನಾ?" ಅಂದಳು. ಒಂದು ತುಂಡು ಕಿವಿಯ ಹತ್ತಿರ ಹಿಡಿದು, "ಕೂಗ್ತಿಲ್ಲಮ್ಮ, ತಿನ್ನು" ಅಂತ ನನ್ನ ಬಾಯಿಗಿಟ್ಟಳು. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ನಾನು ಬಿಟ್ಟ ರುಚಿ ಅದೇ ಅಲ್ವಾ? ಎರಡನೇ ತುಂಡು ತಿನ್ನಲಿಲ್ಲ.

ಆ ಕಥೆಯನ್ನು ಎಷ್ಟೋ ಸಲ ಓದಿದ್ದೇನೆ. ನಮ್ಮೂರಿನಿಂದ ಶ್ರವಣಬೆಳಗೊಳ ದೂರವಿಲ್ಲ, ಜೈನರ ಅಹಿಂಸೆಯ ಮಾತು ಚಿಕ್ಕಂದಿನಿಂದ ಕೇಳಿದ್ದೇ. ಆದರೆ ಅವತ್ತು ರಾತ್ರಿ ಮಲಗಿದಾಗ ಅದು ತಲೆಕೆಳಗಾಗಿ ಕಾಣಿಸಿತು. ಯಶೋಧರನದು ಸಂಕಲ್ಪ ಇತ್ತು, ಸಾವಿರಲಿಲ್ಲ. ಹಾಲಿನಲ್ಲಿ ಸಾವಿದೆ, ಯಾರದೂ ಸಂಕಲ್ಪ ಇಲ್ಲ. ತಮ್ಮನಿಗಿಲ್ಲ, ಡೇರಿಯವರಿಗಿಲ್ಲ, ನನಗಂತೂ ಇಲ್ಲವೇ ಇಲ್ಲ. ಗುಡ್ಡೆ ಬಾಡಿನವರದು ಎರಡೂ ಇದೆ, ಮರೆಯಿಲ್ಲ. ಯಾರು ಹೆಚ್ಚು ತಪ್ಪಿತಸ್ಥರು ಅಂತ ತೂಗಲು ಕೂತರೆ ನನ್ನ ತಕ್ಕಡಿಯೇ ಸರಿಯಿಲ್ಲ. ಕೊಟ್ಟಿಗೆಯ ಕರುವಿಗಂತೂ ಸಂಕಲ್ಪದ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇಷ್ಟು ಗೊತ್ತಿದ್ದರೂ ಶಾಲೆಯಲ್ಲಿ ಮೊಟ್ಟೆ ಹಂಚುವಾಗ ನನ್ನ ಕೈ ನಡುಗುವುದಿಲ್ಲ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವು ಸೇರಿ ಸರ್ಕಾರಿ ಶಾಲೆ ಮಕ್ಕಳಿಗೆ ವಾರಕ್ಕೆ 6 ದಿನ ಮೊಟ್ಟೆ. ಬೇಡ ಅಂದವರಿಗೆ ಬಾಳೆಹಣ್ಣು. ಮೊಟ್ಟೆಯ ಕೋಳಿ ತಳಿಯಲ್ಲೂ ಗಂಡುಮರಿಗೆ ಬೆಲೆಯಿಲ್ಲ, ಹುಟ್ಟಿದ ದಿನವೇ ಅದರ ಕಥೆ ಮುಗಿಯುತ್ತದೆ, ಅದೂ ಗೊತ್ತು. ಆದರೆ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಆ ಮಕ್ಕಳು ದೊಡ್ಡವರಾಗಿ ನನ್ನ ತರಗತಿಗೇ ಬರುತ್ತಾರೆ. ಬೆಳಿಗ್ಗೆ ಬರೀ ಟೀ ಕುಡಿದು ಬರುವ ಹುಡುಗನ ತಟ್ಟೆ ಮುಂದೆ ನಿಂತು ಅಹಿಂಸೆ ಮಾತಾಡಲು ನನ್ನಿಂದ ಆಗುವುದಿಲ್ಲ. ಬಿಡುವುದು ಬಿಡದಿರುವುದು ತಟ್ಟೆ ತುಂಬಿದವರ ಮಾತು. ಮಗಳು ಇದನ್ನು ಒಪ್ಪುವುದಿಲ್ಲ. "ಹುರುಳಿಕಾಳು ಕೊಡಿ, ಕಡಲೆಕಾಯಿ ಕೊಡಿ" ಅನ್ನುತ್ತಾಳೆ. ಕೊಡಲಿ, ನಾನೇನು ಬೇಡ ಅಂದೆನಾ? ಕೊಡುವ ತನಕ ಮೊಟ್ಟೆ.

ಅವಳ ಊಟದ ಬಗ್ಗೆ ಮೊದಮೊದಲು ನನಗೆ ಭಯವಿತ್ತು. ಡಾಕ್ಟರ್ ಬಿ12 ಮಾತ್ರೆ ಬರೆದುಕೊಟ್ಟರು, ಸೊಪ್ಪು ಕಾಳಿನಿಂದ ಅದು ಸಿಗುವುದಿಲ್ಲ. ಉಳಿದದ್ದೆಲ್ಲ ನಮ್ಮಜ್ಜಿಯ ಅಡುಗೆಮನೆಯಲ್ಲೇ ಇತ್ತು. ರಾಗಿ ಮುದ್ದೆ, ಬಸ್ಸಾರು, ಮಸ್ಸೊಪ್ಪು, ಅವರೆಕಾಳು, ಹುರುಳಿ ಕಟ್ಟಿನ ಸಾರು, ಹುಚ್ಚೆಳ್ಳು ಚಟ್ನಿ. ಅಜ್ಜಿ ವರ್ಷದ ಮುನ್ನೂರು ದಿನ ವೀಗನ್ ಊಟವನ್ನೇ ಮಾಡಿದ್ದರು, ಬಡತನಕ್ಕೆ. ಅಂಗಡಿಯ ಬಾದಾಮಿ ಹಾಲು ನಾವು ಕೊಳ್ಳುವ ಹಾಲಿಗಿಂತ ಐದಾರು ಪಟ್ಟು ದುಬಾರಿ, ಅದು ನಮ್ಮ ಸಂಬಳದ ತತ್ವವಲ್ಲ. ಕಡಲೆಕಾಯಿಬೀಜ ನೆನೆಸಿ ರುಬ್ಬಿ ಸೋಸಿದರೆ ಹಾಲಾಗುತ್ತದೆ. ಅದರಲ್ಲಿ ಮೊಸರೂ ಮಾಡಿದಳು. ಮಜ್ಜಿಗೆಹುಳಿಗೆ ಅಡ್ಡಿಯಿಲ್ಲ. ಕಾಫಿಗೆ ಮಾತ್ರ ದೇವರೇ ಗತಿ. ಮೂರು ಸಲ ಪ್ರಯತ್ನಪಟ್ಟೆ, ಮೂರು ಸಲವೂ ಸಿಂಕಿಗೆ ಸುರಿದೆ.

ಯುಗಾದಿಗೆ ಒಂದು ವಾರ ಮುಂಚೆ ತಮ್ಮನ ಎರಡನೇ ಹಸು ಈಯ್ದಿತ್ತು. ಅದೂ ಗಂಡು. ನಾವು ಹೊರಡುವ ದಿನ ಮಗಳು ಅದರ ಹತ್ತಿರ ಕೂತು, "ಮಾವ, ಇದನ್ನೇನು ಮಾಡ್ತೀರಾ?" ಅಂದಳು. "ನೀನ್ ಸಾಕ್ತೀಯೇನವ್ವ?" ಅಂದ. ವ್ಯಂಗ್ಯವೇನೂ ಇರಲಿಲ್ಲ, ನಿಜವಾಗಿ ಕೇಳಿದ. ಅವಳು ನನ್ನ ಕಡೆ ತಿರುಗಿದಳು. ನಾನು ಬಾಯಿ ತಪ್ಪಿ, "ತಿಂಗಳಿಗೆ ಎಷ್ಟಾಗುತ್ತೆ?" ಅಂದುಬಿಟ್ಟೆ.

ನಾಲ್ಕು ತಿಂಗಳಿಂದ ತಿಂಗಳಿಗೆ ಒಂದೂವರೆ ಸಾವಿರ ಕಳಿಸುತ್ತಿದ್ದೇನೆ. ಹೋರಿ ಚೆನ್ನಾಗಿ ಬದುಕಿದರೆ ಹದಿನೈದು ಇಪ್ಪತ್ತು ವರ್ಷ. ನನ್ನ ರಿಟೈರ್‌ಮೆಂಟಿಗೆ ಇರುವುದು ಒಂಬತ್ತು. ನಮ್ಮೆಜಮಾನರು ಲೆಕ್ಕ ಹಾಕಿ ತೋರಿಸಿ, ಆ ದುಡ್ಡಿನಲ್ಲಿ ಎಷ್ಟು ಕೆಜಿ ಮಟನ್ ಬರುತ್ತಿತ್ತು ಅಂತಲೂ ಹೇಳಿದರು.

ನಿನ್ನೆ ಸಂಜೆ ತಮ್ಮ ಫೋನ್ ಮಾಡಿದ್ದ. "ಅಕ್ಕ, ನಿನ್ ಕರ ಹುಲ್ ಮೇಯಕ್ ಕಲ್ತದೆ. ಭಾರೀ ಪೋಕರಿ, ಹಗ್ಗ ಕಿತ್ಕೊಂಡು ರಾಗಿ ಹೊಲಕ್ ನುಗ್ತದೆ."

ಆಮೇಲೆ ಸ್ವಲ್ಪ ತಡೆದು, "ಮುಂದಿನ್ ತಿಂಗ್ಳು ಇನ್ನೊಂದು ಈಯ್ತದೆ. ಅದೂ ಗಂಡಾದ್ರೆ ಏನ್ ಮಾಡಾನ?" ಅಂದ.

"ಈಯಲಿ, ನೋಡೋಣ" ಅಂದೆ. ಒಲೆ ಮೇಲೆ ಹಾಲು ಉಕ್ಕುತ್ತಿತ್ತು, ಫೋನ್ ಇಟ್ಟು ಓಡಿದೆ.