ಎಲ್ಲರೂ ಹೋಗ್ತಿದ್ದಷ್ಟೇ ಸಾರ್

ಆ ಹುಡುಗ ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದುಬಿಡುತ್ತಿದ್ದನೋ ಏನೋ. ಈ ವಾರವೆಲ್ಲಾ ನನ್ನ ತಲೆಯಲ್ಲಿ ಅದೇ ಓಡುತ್ತಿದೆ.

ಅತಿವೇಗದ ಕೇಸಿನಲ್ಲಿ ನಾನು ದಂಡ ಕಟ್ಟದೆ ವಾದ ಮಾಡುತ್ತೇನೆ ಅಂತ ಬರೆದುಕೊಟ್ಟಿದ್ದೇನೆ. ತಾರೀಕು ಮುಂದಿನ ವಾರ. ಅದಕ್ಕೆ ಮುಂಚೆ ಕೋರ್ಟು ಹೇಗಿರುತ್ತದೆ ನೋಡೋಣ ಅಂತ ಸುಮ್ನೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಇಂಥ ವಿಚಾರಣೆಗಳು ಸಾಮಾನ್ಯವಾಗಿ ಎಲ್ಲರೆದುರೇ ನಡೆಯುತ್ತವೆ, ಯಾರು ಬೇಕಾದರೂ ಕೂತು ಕೇಳಬಹುದು. ಕೋರ್ಟೆಂದರೆ ಮೇಜು ಗುದ್ದುವುದು, ಬೆರಳು ತೋರಿಸಿ ಕೂಗುವುದು ಅಂತ ಅಂದುಕೊಂಡವರು ಒಮ್ಮೆ ಹೀಗೆ ಹೋಗಿ ಕೂರಬೇಕು. ಯಾರೂ ಕೂಗುವುದಿಲ್ಲ. ಹೆಸರು ಕರೆಯುತ್ತಾರೆ, ಒಬ್ಬರು ಎದ್ದು ಹೋಗುತ್ತಾರೆ, ನಾಲ್ಕು ಮಾತು, ಒಂದು ಸಹಿ. ಮುಂದಿನವರು.

ಆ ಹುಡುಗ ಚೆನ್ನಾಗೇ ತಯಾರಾಗಿ ಬಂದಿದ್ದ. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಒಂದೇ ಒಂದು ಹಾಳೆ. ಅವನು ಕೇಳಿದ ಮೊದಲ ಪ್ರಶ್ನೆಯೇ ಸರಿಯಾದ ಪ್ರಶ್ನೆ. "ಈ ಮಷಿನ್ ಸರಿ ಇದೆಯಾ ಅಂತ ಕೊನೇ ಸಲ ಯಾವಾಗ ಪರೀಕ್ಷೆ ಮಾಡಿಸಿದ್ರಿ ಸಾರ್?" ಪೊಲೀಸ್ ಅಧಿಕಾರಿ ಫೈಲು ತಿರುವಿದರು. ಮತ್ತೆ ಮೊದಲಿಂದ ತಿರುವಿದರು. ಆ ಕಾಗದ ಅವರ ಹತ್ತಿರ ಇರಲಿಲ್ಲ. ತೂಕಡಿಸುತ್ತಿದ್ದವರೂ ಕತ್ತೆತ್ತಿ ನೋಡಿದರು. ಆಗ ಜಡ್ಜ್ ಕನ್ನಡಕ ತೆಗೆದು, ಮನೆಯಲ್ಲಿ ಮಾತಾಡಿಸಿದ ಹಾಗೆ ಕೇಳಿದರು:

"ಅದಿರಲಿ. ನೀವು ಎಷ್ಟು ಸ್ಪೀಡಲ್ಲಿ ಹೋಗ್ತಿದ್ರಿ?"

"ಎಲ್ಲರೂ ಹೋಗ್ತಿದ್ದಷ್ಟೇ ಸಾರ್."

"ಎಲ್ಲರೂ ಎಷ್ಟರಲ್ಲಿ ಹೋಗ್ತಿದ್ರು?"

"ಒಂದು ಎಪ್ಪತ್ತು, ಎಪ್ಪತ್ತೈದು..."

ಆ ರಸ್ತೆಯ ಮಿತಿ 60. ಜಡ್ಜ್ ಕನ್ನಡಕ ಹಾಕಿಕೊಂಡು ಬರೆಯಲು ಶುರು ಮಾಡಿದರು. ಮಷಿನ್ ಕಾಗದ ಈಗ ಯಾರಿಗೆ ಬೇಕು? ಒಪ್ಪಿಕೊಂಡಾಯಿತಲ್ಲ. ಹುಡುಗನಿಗೆ ಮಾತ್ರ ತಾನು ಒಪ್ಪಿಕೊಂಡೆ ಅಂತ ಇನ್ನೂ ಗೊತ್ತಾಗಿರಲಿಲ್ಲ. ತನ್ನ ಹಾಳೆಯ ಎರಡನೇ ಪ್ರಶ್ನೆ ಓದಲು ಕಾಯುತ್ತಾ ನಿಂತೇ ಇದ್ದ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದನ್ನು ಇಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಆರೋಪಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲ ಅಂತ ಅನೇಕ ದೇಶಗಳ ಕಾನೂನಿನಲ್ಲಿದೆ. ಆದರೆ ದೊಡ್ಡವರು ಮೆಲ್ಲಗೆ ಕೇಳಿದಾಗ ಸುಮ್ಮನಿರುವುದು ನಮಗೆ ಯಾರಾದರೂ ಕಲಿಸಿದ್ದಾರಾ?

ಅವನಾದ ಮೇಲೆ ಬಂದವರು ದಪ್ಪ ಫೈಲಿನ ಮನುಷ್ಯ. ಇವರನ್ನು ಕಂಡರೆ ನನಗೆ ಯಾಕೋ ಕನಿಕರ ಬರಲಿಲ್ಲ. ರೇಡಾರ್ ಅಲೆ ಹೇಗೆ ಅಗಲವಾಗಿ ಹರಡುತ್ತದೆ, ಪಕ್ಕದ ಲಾರಿಯ ವೇಗ ಹೇಗೆ ತಮ್ಮ ಲೆಕ್ಕಕ್ಕೆ ಬಂದಿರಬಹುದು ಅಂತ ಚಿತ್ರ ಸಮೇತ ವಿವರಿಸಿದರು. ಎಲ್ಲಾ ಸರಿಯಾದ ಮಾತೇ. ಮುಗಿದ ಮೇಲೆ ಅಧಿಕಾರಿ ಒಂದೇ ಮಾತು ಹೇಳಿದರು. "ಸಾರ್, ನಾವು ಹಿಡಿದಿದ್ದು ಲೇಸರ್." ನೋಟಿಸಿನಲ್ಲೇ ಬರೆದಿತ್ತಂತೆ.

ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ರೇಡಾರ್ ಅಲೆಗಳು ಕತ್ತಲಲ್ಲಿ ಬಿಟ್ಟ ಟಾರ್ಚ್ ಬೆಳಕಿನ ಹಾಗೆ, ದೂರ ಹೋದಷ್ಟೂ ಅಗಲ. 12 ಡಿಗ್ರಿ ಹರಡುವ ಮಷಿನ್ನಾದರೆ 300 ಮೀಟರ್ ದೂರದಲ್ಲಿ ಆ ಅಲೆ 60 ಮೀಟರಿಗಿಂತ ಜಾಸ್ತಿ ಅಗಲ ಇರುತ್ತದೆ. ಅಂದರೆ ರಸ್ತೆಯ ಎಲ್ಲಾ ಲೇನುಗಳೂ ಅದರೊಳಗೆ. ವಾಪಸ್ ಬರುವ ಅಲೆಗಳಲ್ಲಿ ಜೋರಾಗಿರುವುದನ್ನು ಮಷಿನ್ ಹಿಡಿಯುತ್ತದೆ, ದೊಡ್ಡ ಲಾರಿ ಜೋರಾಗಿ ಹಿಂತಿರುಗಿಸುತ್ತದೆ. ಯಾವ ವಾಹನ ಅಂತ ಹೇಳಬೇಕಾದದ್ದು ಮಷಿನ್ ಅಲ್ಲ, ಅದನ್ನು ಹಿಡಿದವರ ಕಣ್ಣು. ಲೇಸರ್ ಹಾಗಲ್ಲ. ಅದೇ 300 ಮೀಟರಿನಲ್ಲಿ ಅದರ ಬೆಳಕಿನ ಅಗಲ ಒಂದು ಮೀಟರ್ ಆಸುಪಾಸು. ನಂಬರ್ ಪ್ಲೇಟಿಗೇ ಗುರಿ ಇಡಬಹುದು. ಅದರ ಮುಂದೆ ಲಾರಿಯ ಕಥೆ ನಡೆಯುವುದಿಲ್ಲ.

ನನ್ನ ನೋಟಿಸಿನಲ್ಲಿರುವುದು ರೇಡಾರ್. ಮಿತಿ 60, ಮಷಿನ್ ತೋರಿಸಿದ್ದು 81. ಆ ಹೊತ್ತಿನಲ್ಲಿ ಒಂದು ಲಾರಿ ನನ್ನನ್ನು ಹಿಂದೆ ಹಾಕಿ ಹೋಗಿದ್ದು ಚೆನ್ನಾಗಿ ನೆನಪಿದೆ. ಕಿಟಕಿ ಗಾಜು ಅಲ್ಲಾಡಿತು. ನನ್ನ ಕೇಸು ಅಂದರೆ ಇಷ್ಟೇ.

ಇಷ್ಟೇ ಆದರೂ ಓದಿದ್ದು ಬಹಳ. ರೇಡಾರ್ ಕೆಲಸ ಮಾಡುವ ಬಗೆ ಕ್ರಿಸ್ಟಿಯನ್ ಡಾಪ್ಲರ್ 1842ರಲ್ಲಿ ಹೇಳಿದ ತತ್ವದ ಮೇಲೆ ನಿಂತಿದೆ. ನಕ್ಷತ್ರಗಳ ಬಣ್ಣದ ಬಗ್ಗೆ ಯೋಚಿಸುತ್ತಿದ್ದ ಆ ಪುಣ್ಯಾತ್ಮನಿಗೆ ಇದು ರಸ್ತೆಬದಿಗೆ ಬಂದು ನಿಲ್ಲುತ್ತದೆ ಅಂತ ಗೊತ್ತಿರಲಿಕ್ಕಿಲ್ಲ. ಮಷಿನ್ ಬಿಟ್ಟ ಅಲೆ ವಾಹನಕ್ಕೆ ಬಡಿದು ವಾಪಸ್ ಬರುವಾಗ ಅದರ ಕಂಪನ ಸ್ವಲ್ಪ ಬದಲಾಗಿರುತ್ತದೆ. ಎಷ್ಟು ಬದಲಾಯಿತೋ ಅದೇ ವೇಗ. 24.15 ಗಿಗಾಹರ್ಟ್ಸ್ ಮಷಿನ್ನಿಗೆ ಗಂಟೆಗೆ 80 ಕಿಲೋಮೀಟರ್ ಅಂದರೆ ಸುಮಾರು 3,600 ಹರ್ಟ್ಸ್ ವ್ಯತ್ಯಾಸ. ಇದು ನಮ್ಮ ಕಿವಿಗೆ ಕೇಳುವಷ್ಟೇ ಇರುವ ಸಂಖ್ಯೆ. ಹಾಗಾಗಿ ಅನೇಕ ಮಷಿನ್‌ಗಳು ಅದನ್ನು ಶಬ್ದವಾಗಿಯೇ ಕೇಳಿಸುತ್ತವೆ. ಅನುಭವ ಇರುವ ಪೊಲೀಸರು ಸ್ವರ ಕೇಳಿಯೇ ಒಂದೇ ವಾಹನವೋ, ಎರಡು ಕಲಸಿದೆಯೋ ಹೇಳಬಲ್ಲರು. ಮಷಿನ್ ಸರಿ ಇದೆಯಾ ಅಂತ ನೋಡಲೂ ಒಂದು ಸ್ವರವೇ ಬೇಕು. ಶಾಲೆಯ ಲ್ಯಾಬಿನಲ್ಲಿ ನೋಡಿದಂಥದ್ದೇ ಶ್ರುತಿಕವಲು, ಅದನ್ನು ಬಡಿದು ಮಷಿನ್ ಮುಂದೆ ಹಿಡಿದರೆ ಕವಲಿನ ಮೇಲೆ ಕೆತ್ತಿರುವ ವೇಗವೇ ಪರದೆಯಲ್ಲೂ ಬರಬೇಕು. ಇದನ್ನು ಓದಿದ ದಿನ ನನಗೆ ಕೇಸೇ ಮರೆತುಹೋಗಿತ್ತು.

ನಮ್ಮ ಭಾವನವರಿಗೆ ಇದ್ಯಾವುದೂ ಬೇಡ. "ಕಟ್ಟಿ ಕೈ ತೊಳ್ಕೊಳೋ, ಇದಕ್ಕೆಲ್ಲಾ ರಜೆ ಹಾಕ್ತಾರಾ?" ಅಂತ ಶುರುವಿನಲ್ಲೇ ಹೇಳಿದ್ದರು. ಕೇಳಲಿಲ್ಲ ಅಂತ ಆದಮೇಲೆ ಸಲಹೆ ಕೊಡಲು ಕೂತರು. ಕಟ್ಟು ಅನ್ನುವವರು ಒಳ್ಳೆಯವರು, ಸಲಹೆ ಕೊಡುವವರಿಂದಲೇ ಅಪಾಯ ಜಾಸ್ತಿ. "ಪೊಲೀಸರು ರಸ್ತೆ ಪಕ್ಕದಲ್ಲಿ ನಿಂತಿದ್ರು ಅಲ್ವಾ? ಓರೆಯಾಗಿ ಹಿಡಿದ್ರೆ ಲೆಕ್ಕ ತಪ್ಪುತ್ತೆ. ಅದನ್ನ ಹಿಡ್ಕೋ." ಮಾತು ನಿಜ. ಓರೆಯಾಗಿ ಹಿಡಿದರೆ ಲೆಕ್ಕ ತಪ್ಪುತ್ತದೆ. ಆದರೆ ನಿಂತಲ್ಲಿಂದ ಅಳೆಯುವ ಮಷಿನ್ ಓರೆಯಾದಾಗ ತೋರಿಸುವುದು ಇರುವುದಕ್ಕಿಂತ ಕಡಿಮೆ ವೇಗ. 10 ಡಿಗ್ರಿಗೆ ಸುಮಾರು ಶೇಕಡಾ 1.5 ಕಡಿಮೆ, 20 ಡಿಗ್ರಿಗೆ 6 ಕಡಿಮೆ. ಭಾವನ ವಾದ ಹಿಡಿದು ಹೋದರೆ ನಾನು 81 ಅಲ್ಲ, 82ರ ಮೇಲಿದ್ದೆ ಅಂತ ನಾನೇ ಸಾಧಿಸಿಕೊಟ್ಟ ಹಾಗೆ. ಲೆಕ್ಕ ಮಾಡಿ ತೋರಿಸಿದೆ. "ಹಾಗಾದ್ರೆ ನಿನ್ನ ಮೀಟರ್ ಸರಿ ಇರಲಿಲ್ಲ ಅನ್ನು" ಅಂದರು.

ಅದೂ ಆಗುವುದಿಲ್ಲ. ವಿಶ್ವಸಂಸ್ಥೆಯ ವಾಹನ ನಿಯಮ 39ರ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವ ಹಾಗೇ ಇಲ್ಲ. ಜಾಸ್ತಿ ಬೇಕಾದರೆ ತೋರಿಸಬಹುದು, ಹತ್ತನೇ ಒಂದು ಭಾಗ, ಅದರ ಮೇಲೆ 4 ಕಿಲೋಮೀಟರ್‌ವರೆಗೆ. ಈ ನಿಯಮಕ್ಕೆ ಒಪ್ಪುವ ವಾಹನ 60ರಲ್ಲಿ ಓಡುವಾಗ ಮುಳ್ಳು 70ರವರೆಗೂ ಹೋಗಿರಬಹುದು. ದೊಡ್ಡ ಟೈರು ಹಾಕಿಸಿದ್ದರೆ ಕಥೆ ಬೇರೆ. ನನ್ನದು ಕಂಪನಿ ಕೊಟ್ಟ ಟೈರೇ, ಅದೂ ಸವೆದಿದೆ. ಸವೆದ ಟೈರಿನಲ್ಲಿ ಮೀಟರ್ ಇನ್ನೂ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ.

ಹೀಗೆ ಒಂದೊಂದೇ ವಾದ ಹೊಡೆದು ಹಾಕುತ್ತಾ ಹೋದಾಗಲೂ ಆ ಹುಡುಗನ ಮಾತು ಮಾತ್ರ ಹೋಗುತ್ತಿಲ್ಲ. ಎಲ್ಲರೂ ಹೋಗ್ತಿದ್ದಷ್ಟೇ ಸಾರ್. ಆ ದಿನ ಕೋರ್ಟಿನಲ್ಲಿ ಆಡಿದ ಮಾತುಗಳಲ್ಲಿ ಅಷ್ಟು ನಿಜವಾದದ್ದು ಇನ್ನೊಂದಿರಲಿಲ್ಲ. ನಾವ್ಯಾರೂ ಬೋರ್ಡು ನೋಡಿ ಓಡಿಸುವುದಿಲ್ಲ. ಮುಂದಿನವರನ್ನು ನೋಡಿ ಓಡಿಸುತ್ತೇವೆ. ಹಿಂದಿನವರು ಹಾರ್ನ್ ಹೊಡೆದರೆ ಇನ್ನೊಂದಿಷ್ಟು ಒತ್ತುತ್ತೇವೆ. 60ರ ಬೋರ್ಡಿನ ಕೆಳಗೆ ಸರಿಯಾಗಿ 60ರಲ್ಲಿ ಹೋಗಿ ನೋಡಿ, ನಿಮ್ಮನ್ನೇ ಗುರಾಯಿಸಿಕೊಂಡು ಮುಂದೆ ಹೋಗುತ್ತಾರೆ.

ತಮಾಷೆ ಏನಂದರೆ, ಕೋರ್ಟಿನಲ್ಲಿ ಕವಡೆ ಕಿಮ್ಮತ್ತಿಲ್ಲದ ಈ ಮಾತಿಗೆ ಎಂಜಿನಿಯರ್‌ಗಳ ಹತ್ತಿರ ತುಂಬಾ ಬೆಲೆ. ಅನೇಕ ಕಡೆ ರಸ್ತೆಯ ಮಿತಿ ಗೊತ್ತು ಮಾಡುವಾಗ ಅವರು ಮೊದಲು ನೋಡುವುದೇ ಎಲ್ಲರೂ ಎಷ್ಟರಲ್ಲಿ ಹೋಗುತ್ತಾರೆ ಅಂತ. ನೂರು ವಾಹನಗಳಲ್ಲಿ 85 ವಾಹನಗಳು ಯಾವ ವೇಗ ದಾಟುವುದಿಲ್ಲವೋ ಅದನ್ನು ಗುರುತು ಹಾಕಿಕೊಂಡು, ಅದರ ಆಸುಪಾಸಿನಲ್ಲಿ ಮಿತಿ ಇಡುವುದು ಹಳೆಯ ಪದ್ಧತಿ. ಅಂದರೆ ರಸ್ತೆಬದಿಯಲ್ಲಿ ವೇಗ ಎಣಿಸುವವರ ಮುಂದೆ ಹುಡುಗನದು ಒಂದು ಮಾಹಿತಿ. ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಇನ್ನೊಂದು ದಿನ ಪೊಲೀಸರ ಮುಂದೆ ಬಂದರೆ ಅಪರಾಧ. ವೇಗ ಮಾಡಿದ್ದು ಗುಂಪು, ನೋಟಿಸು ಬಂದಿದ್ದು ಒಬ್ಬನಿಗೆ.

ಆದರೆ ಈ ಪದ್ಧತಿಯೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅವರ ಎಣಿಕೆಯ 'ಎಲ್ಲರೂ' ಅಂದರೆ ಸ್ಟೀರಿಂಗ್ ಹಿಡಿದವರು ಮಾತ್ರ. ರಸ್ತೆ ದಾಟಲು ಮಗುವಿನ ಕೈ ಹಿಡಿದು ಅಂಚಿನಲ್ಲಿ ನಿಂತವರನ್ನು ಯಾರು ಎಣಿಸಿದರು? 60ರಿಂದ 80ಕ್ಕೆ ಹೋದಾಗ ಮೀಟರಿನಲ್ಲಿ ಏರಿದ್ದು ಮೂರನೇ ಒಂದು ಭಾಗ. ಗುದ್ದಿದರೆ ಬೀಳುವ ಏಟಿನ ಶಕ್ತಿ ಸುಮಾರು ಮುಕ್ಕಾಲು ಪಾಲು ಏರಿರುತ್ತದೆ. ಗುಂಪಿಗೆ ಈ ಲೆಕ್ಕ ಬರುವುದಿಲ್ಲ. ಹಾಗಾಗಿ ಕೋರ್ಟು ಹುಡುಗನಿಗೆ ಹೇಳಿದ್ದು ತಪ್ಪು ಅನ್ನಲಾರೆ. ಆದರೂ ಅವನು ದಂಡ ಕಟ್ಟುವ ಕಿಟಕಿಯ ಕಡೆ ಹೋಗುವಾಗ, ಮಾತು ನುಂಗಿಕೊಂಡು ಬಚಾವಾಗುವವರಿಗಿಂತ ಅವನೇ ವಾಸಿ ಅನ್ನಿಸಿತು. ನಾನೂ ಮಾತು ನುಂಗಲೇ ತಯಾರಾಗುತ್ತಿದ್ದೇನೆ, ಗೊತ್ತು.

ಮಷಿನ್ ಪರೀಕ್ಷೆಯ ಕಾಗದದ ನಕಲು ಬೇಕು ಅಂತ ಅರ್ಜಿ ಕೊಟ್ಟಿದ್ದೆ. ನಿನ್ನೆ ಬಂತು. ತಾರೀಕು, ಸೀಲು, ಮಷಿನ್ ನಂಬರು ಎಲ್ಲಾ ಸರಿಯಾಗಿದೆ. ಆ ಪ್ರಶ್ನೆ ಹೊಡೆದು ಹಾಕಿದೆ. ಈಗ ಉಳಿದಿರುವುದು ಲಾರಿ. ಆ ಹೊತ್ತಿನಲ್ಲಿ ಎಷ್ಟು ವಾಹನ ಇದ್ದವು, ನನ್ನ ಪಕ್ಕದಲ್ಲಿ ಏನಿತ್ತು, 81 ನನ್ನದೇ ಅಂತ ಹೇಗೆ ಗುರುತಿಸಿದಿರಿ. ಇಷ್ಟು ಕೇಳಿ ಕೂತುಬಿಡಬೇಕು. ಜಡ್ಜ್ ಕನ್ನಡಕ ತೆಗೆದರೆ ಏನು ಮಾಡಬೇಕು ಅನ್ನುವುದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ಭಾವನೂ ಬರುತ್ತಾರಂತೆ, ರಜೆ ಹಾಕಿ.